ಚಾಡಿ ಹೇಳುವ ಚಿತ್ರಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಅಮೆರಿಕದ ಮಿಡಲ್ ಸ್ಕೂಲ್ (ಆರರಿಂದ ಎಂಟನೇ ತರಗತಿ) ಮಕ್ಕಳ ನಗೆ ಕಾದಂಬರಿಗಳ ಬಗ್ಗೆ ಒಂದು ಮಾತು ಬರೆದಿದ್ದೆ. ಪುಟಪುಟಕ್ಕೂ ಗೀಚುಚಿತ್ರ ಇರುತ್ತಲ್ಲ, ಹುಡುಗನೋ ಹುಡುಗಿಯೋ ತಾನೇ ಕೂತು ಬರೆದ ಡೈರಿಯ ಹಾಗೆ, ಆ ಪುಸ್ತಕಗಳು. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಜೆಫ್ ಕಿನ್ನಿ ಅವರ 'ಡೈರಿ ಆಫ್ ಎ ವಿಂಪಿ ಕಿಡ್' ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಯಾವ ಬ್ರಷ್ ತಗೊಳ್ಳಲಿ ಅಂತ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನಮ್ಮ ಟೀಚರ್ 'ವಿಂಪಿ ಕಿಡ್' ಮೊದಲ ಪುಸ್ತಕದ ಇಮೇಜರಿ ಬಗ್ಗೆ ಎರಡು ಪುಟ ಬರೆಯೋಕೆ ಹೇಳಿದ್ದಾರೆ. ನಾನು ಚಿತ್ರಗಳ ಪಟ್ಟಿ ಮಾಡಿಕೊಂಡು ಹೋದೆ. "ಚಿತ್ರ ಬೇಡ, ಮಾತಿನಲ್ಲಿ ಕಾಣೋದನ್ನು ಬರಿ" ಅಂದರು. ಪುಸ್ತಕದ ತುಂಬ ಚಿತ್ರಗಳೇ ಇವೆ. ಅದನ್ನು ಬಿಟ್ಟು ಏನು ಬರೆಯಲಿ?
(ಏಳನೇ ತರಗತಿಯ ಓದುಗಿ)

ನಿಮ್ಮ ಟೀಚರ್ ಹೇಳಿದ್ದು ಅರ್ಧ ಸರಿ. ನೀನು ಮಾಡಿದ್ದೂ ಅರ್ಧ ಸರಿ. ಎರಡನ್ನೂ ಸೇರಿಸೋಣ.

ಮೊದಲು ಮಾತು. ಇಮೇಜರಿ ಅಂದರೆ ಮಾತು ಓದಿದಾಗ ಮನಸ್ಸಿನಲ್ಲಿ ಮೂಡುವ ಚಿತ್ರ. ಪುಸ್ತಕದ ಶುರುವಿನಲ್ಲೇ ಡೈರಿ ಬರೆಯುವ ಹುಡುಗ ಗ್ರೆಗ್ ಹೆಫ್ಲಿ ತನ್ನ ಶಾಲೆ ಎಂಥದ್ದು ಅಂತ ಹೇಳುತ್ತಾನೆ. ಇನ್ನೂ ಮೈ ಬೆಳೆಯದ ತನ್ನಂಥ ಹುಡುಗರನ್ನೂ ದಿನಕ್ಕೆರಡು ಸಲ ಗಡ್ಡ ಹೆರೆಯಬೇಕಾದ ಗೊರಿಲ್ಲಾಗಳನ್ನೂ ಒಂದೇ ಕಡೆ ತುಂಬಿದ್ದಾರೆ ಅನ್ನೋದು ಅವನ ದೂರು. 'ದೊಡ್ಡ ಹುಡುಗರು' ಅಂತ ಬರೆದಿದ್ದರೆ ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಗೊರಿಲ್ಲಾ ಅಂದ ಕೂಡಲೇ ಕೂದಲು, ಭುಜ, ಗುರುಗುಟ್ಟುವ ಸದ್ದು ಎಲ್ಲ ಒಟ್ಟಿಗೆ ಬಂತು. ಗಡ್ಡ ಹೆರೆಯೋದು ಸೇರಿದಾಗ ನಗು ಬಂತು. ಗೊರಿಲ್ಲಾ ಕನ್ನಡಿ ಮುಂದೆ ನಿಂತಿದೆ, ಅದೂ ಬೆಳಿಗ್ಗೆ ಒಂದು ಸಲ, ಸಂಜೆ ಇನ್ನೊಂದು ಸಲ. ಆ 'ದಿನಕ್ಕೆರಡು ಸಲ' ಅನ್ನೋ ಲೆಕ್ಕವನ್ನು ಗಮನಿಸು. ಲೆಕ್ಕ ಕೊಟ್ಟು ಬುರುಡೆ ಬಿಟ್ಟರೆ ಅದು ಇನ್ನೂ ಜಾಸ್ತಿ ನಗಿಸುತ್ತೆ. ಇದೇ ಹುಡುಗ ತಾನು ಈ ವರ್ಷ ಶಾಲೆಯಲ್ಲಿ 52ನೆಯದೋ 53ನೆಯದೋ ಜನಪ್ರಿಯ ಹುಡುಗ ಅಂತಲೂ ಹೇಳಿಕೊಳ್ಳುತ್ತಾನೆ. ಯಾರು ಎಣಿಸಿದರು? ಅವನೇ.

ಆಮೇಲೆ ಚೀಸ್. ಇದರ ಮೇಲೆ ನೀನು ಒಂದು ಪುಟ ಪೂರ್ತಿ ಬರೆಯಬಹುದು. ಶಾಲೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಒಂದು ತುಂಡು ಚೀಸ್ ಬಿದ್ದಿದೆ. ಯಾರು ಬೀಳಿಸಿದರೋ ಗೊತ್ತಿಲ್ಲ, ಯಾರೂ ಎತ್ತಿಲ್ಲ. ಕೊಳೆತು ಬೂಷ್ಟು ಹಿಡಿದಿದೆ. ಅದನ್ನು ಮುಟ್ಟಿದವರಿಗೆ 'ಚೀಸ್ ಟಚ್' ಅಂಟುತ್ತೆ. ಇನ್ನೊಬ್ಬರಿಗೆ ದಾಟಿಸುವವರೆಗೂ ಹತ್ತಿರ ಯಾರೂ ಸುಳಿಯೋದಿಲ್ಲ. ಬೆರಳ ಮೇಲೆ ಬೆರಳು ಹಾಕಿಕೊಂಡವರಿಗೆ ಮಾತ್ರ ಅಂಟೋದಿಲ್ಲ. ಕೊನೆಗೆ ಅದು ಅಂಟಿಕೊಂಡಿದ್ದ ಒಬ್ಬ ಹುಡುಗ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದ, ಜೊತೆಗೆ ಅದನ್ನೂ ಒಯ್ದ. ಶಾಲೆ ಉಸಿರು ಬಿಟ್ಟಿತು. ಚೀಸ್ ಮಾತ್ರ ಅಲ್ಲೇ ಇದೆ.

ಒಬ್ಬರನ್ನು ದೂರ ಇಡೋದು ಕಣ್ಣಿಗೆ ಕಾಣುವ ವಸ್ತುವಲ್ಲ, ಅಲ್ವಾ? ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದರು, ಆಟಕ್ಕೆ ಕರೆಯಲಿಲ್ಲ, ಅಷ್ಟೇ. ಕಿನ್ನಿ ಅದಕ್ಕೆ ಬಣ್ಣ ಕೊಟ್ಟರು, ವಾಸನೆ ಕೊಟ್ಟರು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಜಾಗ ಕೊಟ್ಟರು. ಕಥೆ ಎಲ್ಲೆಲ್ಲೋ ಸುತ್ತುತ್ತೆ, ಓದುವವರು ಮರೆತೂ ಬಿಡುತ್ತಾರೆ, ಅಂಗಳದಲ್ಲಿ ಅದು ಕೊಳೆಯುತ್ತಲೇ ಇರುತ್ತೆ. (ಇನ್ನೂ ಓದದವರು ಮುಂದಿನ ಪ್ಯಾರಾ ಹಾರಿಸಿ.)

ಕೊನೆಯಲ್ಲಿ ದೊಡ್ಡ ಹುಡುಗರು ಗ್ರೆಗ್‌ನ ಗೆಳೆಯ ರೌಲಿಗೆ ಅದನ್ನು ತಿನ್ನಿಸುತ್ತಾರೆ. ಗ್ರೆಗ್ ಅಲರ್ಜಿ ಅಂತ ಸುಳ್ಳು ಹೇಳಿ ಪಾರಾಗುತ್ತಾನೆ. ಚೀಸ್ ಎಲ್ಲಿ ಹೋಯಿತು ಅಂತ ಶಾಲೆಯಲ್ಲಿ ಗದ್ದಲ ಎದ್ದಾಗ "ನಾನೇ ಎತ್ತಿ ಎಸೆದೆ" ಅನ್ನುತ್ತಾನೆ. ಅಂದರೆ ಚೀಸ್ ಟಚ್ ತನಗೇ ಅಂಟಲಿ ಅಂತ ಒಪ್ಪಿಕೊಂಡ. ಗೆಳೆಯನ ಬಗ್ಗೆ ಒಂದು ಒಳ್ಳೆಯ ಮಾತಾಡಲು ಒದ್ದಾಡುವ ಹುಡುಗ ಇವನು. ಕೊನೆಗೆ ಆ ಕೆಲಸವನ್ನು ಕೊಳೆತ ಚೀಸ್ ಕೈಯಲ್ಲಿ ಮಾಡಿಸಿದ್ದಾರೆ. ನಾನು ಇಡೀ ಪುಸ್ತಕದಲ್ಲಿ ತುಂಬಾ ಮೆಚ್ಚಿದ್ದು ಇದನ್ನೇ.

ಈಗ ಚಿತ್ರ. ಒಂದು ಕೆಲಸ ಮಾಡು. ಯಾವುದಾದರೂ ಪುಟ ತೆಗೆ. ಚಿತ್ರವನ್ನು ಅಂಗೈಯಿಂದ ಮುಚ್ಚಿ ಬರೀ ಮಾತು ಓದು. ಆಮೇಲೆ ಮಾತು ಮುಚ್ಚಿ ಬರೀ ಚಿತ್ರ ನೋಡು. ಎರಡೂ ಒಂದನ್ನೇ ಹೇಳಿದರೆ ಪುಟ ತಿರುಗಿಸು. ಮಾತು ಒಂದು ಹೇಳಿ, ಚಿತ್ರ ಇನ್ನೊಂದು ಹೇಳಿದರೆ ಅಲ್ಲಿ ಪೆನ್ಸಿಲ್ ಗುರುತು ಹಾಕು. ಆ ಗುರುತುಗಳ ಬಗ್ಗೆ ಬರಿ. ಟೀಚರ್ ಒಪ್ಪದಿದ್ದರೆ ಈ ಅಂಕಣ ತೋರಿಸು, ಬೈಗುಳ ನನಗೆ ಬರಲಿ.

ಪ್ರಶ್ನೆ: ವಾಸನೆ ಬಂದರೆ ಅಲೆಅಲೆ ಗೆರೆ, ಹೆದರಿದರೆ ಬೆವರ ಹನಿ, ಓಡಿದರೆ ಹಿಂದೆ ಧೂಳು. ಇವಕ್ಕೆಲ್ಲ ಹೆಸರು ಇದೆಯಾ?
(ಆರನೇ ತರಗತಿಯ ಓದುಗ)

ಇದೆ ಕಣೋ, ಮಜವಾದ ಹೆಸರುಗಳೇ ಇವೆ. 'ಬೀಟಲ್ ಬೇಯ್ಲಿ' ಅನ್ನೋ ಪತ್ರಿಕಾ ಕಾಮಿಕ್ ಮಾಡಿದ ಮಾರ್ಟ್ ವಾಕರ್ 1980ರಲ್ಲಿ ಇಂಥ ಗುರುತುಗಳಿಗೆಂದೇ ಒಂದು ಪುಸ್ತಕ ತಂದರು. ಹೆಸರುಗಳನ್ನು ಬಹುಪಾಲು ತಮಾಷೆಗೇ ಇಟ್ಟದ್ದು. ಆದರೆ ಚಿತ್ರಗಾರರು ಅವನ್ನೇ ಹಿಡಿದುಕೊಂಡರು. ತಲೆಯಿಂದ ಚಿಮ್ಮುವ ಬೆವರ ಹನಿ 'ಪ್ಲ್ಯೂಡ್'. ಓಡಿದವನ ಹಿಂದೆ ಉಳಿಯುವ ಧೂಳಿನ ಮೋಡ 'ಬ್ರಿಫಿಟ್'. ಮೇಲೇಳುವ ವಾಸನೆಯ ಗೆರೆ 'ವಾಫ್ಟರಾಮ್'. ಕೆಟ್ಟ ಬೈಗುಳದ ಬದಲು ಹಾಕುವ ಸುರುಳಿ, ನಕ್ಷತ್ರ, ಗೀಚು ಎಲ್ಲ ಸೇರಿ 'ಗ್ರಾಲಿಕ್ಸ್'.

ಮಿಡಲ್ ಸ್ಕೂಲ್ ಪುಸ್ತಕಗಳಲ್ಲಿ ಗ್ರಾಲಿಕ್ಸ್‌ಗೆ ವಿಶೇಷ ಮರ್ಯಾದೆ. ದೊಡ್ಡವರಿಗೆ ಅದು ಬರೀ ಗೀಚು. ಆ ಗೀಚಿನ ಜಾಗದಲ್ಲಿ ಯಾವ ಪದ ಇದ್ದಿರಬಹುದು ಅಂತ ನಿನಗೆ ಚೆನ್ನಾಗಿ ಗೊತ್ತು. ಅದನ್ನು ನನಗೆ ಬರೆದು ಕಳಿಸಬೇಡ.

ಪ್ರಶ್ನೆ: ನನ್ನ ಮಗಳು ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ. ಆ ಪುಸ್ತಕ ನೋಡಿ "ಇಷ್ಟು ಕೆಟ್ಟದಾಗಿ ನಾನು ಒಂದನೇ ಕ್ಲಾಸಲ್ಲೂ ಬಿಡಿಸಿಲ್ಲ" ಅಂದಳು. ಕಡ್ಡಿ ಕಾಲು, ಉರುಟು ತಲೆ, ತಲೆ ಮೇಲೆ ಮೂರೇ ಕೂದಲು. ಕೋಟಿಗಟ್ಟಲೆ ಮಾರುವ ಪುಸ್ತಕಕ್ಕೆ ಒಳ್ಳೆಯ ಚಿತ್ರಗಾರರು ಸಿಗಲಿಲ್ಲವೇ?
(ಒಬ್ಬ ತಂದೆ)

ಮಗಳ ಕಣ್ಣು ಚುರುಕಾಗಿದೆ. ಆದರೆ ಆ ಗೆರೆ ಬಂದ ದಾರಿ ಕೇಳಿ.

ಕಿನ್ನಿ ಅವರಿಗೆ ದಿನಪತ್ರಿಕೆಯ ಕಾರ್ಟೂನಿಸ್ಟ್ ಆಗುವ ಆಸೆ ಇತ್ತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ವಿದ್ಯಾರ್ಥಿ ಪತ್ರಿಕೆಗೆ 'ಇಗ್ಡೂಫ್' ಅನ್ನೋ ಕಾಮಿಕ್ ಬಿಡಿಸುತ್ತಿದ್ದರು. ಹೊರಗೆ ದೊಡ್ಡ ಪತ್ರಿಕೆಗಳಿಗೆ ಕಳಿಸಿದರೆ ಯಾರೂ ತಗೊಳ್ಳಲಿಲ್ಲ. ತನ್ನ ಕೈ ಹನ್ನೆರಡು ವರ್ಷದ ಹುಡುಗನ ಮಟ್ಟಕ್ಕೇ ನಿಂತುಬಿಟ್ಟಿದೆ ಅಂತ ಅವರಿಗೆ ಗೊತ್ತಾಯಿತು. ಸರಿ, ಹನ್ನೆರಡರ ಹುಡುಗನೇ ಬರೆದ ಪುಸ್ತಕ ಮಾಡೋಣ ಅಂತ 1998ರಲ್ಲಿ ಶುರು ಮಾಡಿದರು. 2004ರಲ್ಲಿ ಅಂತರ್ಜಾಲದಲ್ಲಿ ದಿನಕ್ಕಿಷ್ಟು ಅಂತ ಹಾಕಿದರು. 2006ರಲ್ಲಿ ನ್ಯೂಯಾರ್ಕ್‌ನ ಕಾಮಿಕ್ ಮೇಳದಲ್ಲಿ ಒಬ್ಬ ಸಂಪಾದಕರ ಕೈಗೆ ಹಸ್ತಪ್ರತಿ ಸಿಕ್ಕಿತು. 2007ರಲ್ಲಿ ಪುಸ್ತಕ ಬಂತು. ಇನ್ನೊಂದು ತಮಾಷೆ ಎಂದರೆ, ಅವರು ಅದನ್ನು ಬರೆದದ್ದು ಬಾಲ್ಯ ನೆನೆಸಿಕೊಳ್ಳುವ ದೊಡ್ಡವರಿಗೆ ಅಂತ. ಮಕ್ಕಳ ಪುಸ್ತಕ ಮಾಡೋಣ ಅಂದದ್ದು ಪ್ರಕಾಶಕರು. ಈವರೆಗೆ ಆ ಸರಣಿಯ 25 ಕೋಟಿಗೂ ಹೆಚ್ಚು ಪ್ರತಿ ಹೋಗಿವೆ.

ಹಾಗಂತ ಅದು ಸುಮ್ನೆ ಗೀಚಿದ್ದಲ್ಲ. ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನೆರಳು ಕಡಿಮೆ. ಹಿನ್ನೆಲೆಯಲ್ಲಿ ಬೇಕಾದ ಒಂದು ಕುರ್ಚಿ, ಒಂದು ಬಾಗಿಲು, ಅಷ್ಟೇ. ರೂಲ್ ಹಾಕಿದ ಹಾಳೆ, ಕೈಬರಹದಂಥ ಅಕ್ಷರ. ಇಷ್ಟನ್ನೂ ಪುಸ್ತಕದ ಕೊನೆಯವರೆಗೆ ಕೈ ತಪ್ಪದೆ ಹಿಡಿಯೋದು ಸುಲಭವಲ್ಲ. ಚೆನ್ನಾಗಿ ಬಿಡಿಸುವ ಕೈ ಕೆಟ್ಟದಾಗಿ ಬಿಡಿಸಲು ಹೊರಟರೆ ಎರಡೇ ಪುಟಕ್ಕೆ ಒಳಗಿನ ವಿದ್ಯೆ ಹೊರಬೀಳುತ್ತೆ. ನನ್ನನ್ನೇ ಒಬ್ಬ ಪ್ರಕಾಶಕರು "ಮಕ್ಕಳು ಬಿಡಿಸಿದ ಹಾಗೆ ಬಿಡಿಸಿ" ಅಂದಿದ್ದರು. ಬಿಡಿಸಿ ಕೊಟ್ಟರೆ "ಸ್ವಲ್ಪ ನೀಟಾಗಿ ಮಾಡಿ" ಅಂದರು!

ಸ್ಕಾಟ್ ಮೆಕ್ಲೌಡ್ ಅನ್ನೋ ಕಾಮಿಕ್ ಕಲಾವಿದರು 1993ರಲ್ಲಿ ಕಾಮಿಕ್ ರೂಪದಲ್ಲೇ ಒಂದು ಪುಸ್ತಕ ಬರೆದು ಈ ಸರಳ ಮುಖಗಳ ಗುಟ್ಟು ವಿವರಿಸಿದ್ದಾರೆ. ಮುಖದಲ್ಲಿ ವಿವರ ಹೆಚ್ಚಾದಷ್ಟೂ ಅದು ಬೇರೆ ಯಾರದೋ ಮುಖ. ಎರಡು ಚುಕ್ಕೆ, ಒಂದು ಗೆರೆಗೆ ಇಳಿಸಿದರೆ ನೋಡುವವರು ತಾವೇ ಒಳಗೆ ಹೋಗಿ ಕೂರುತ್ತಾರೆ. ಗ್ರೆಗ್‌ಗೆ ಒಳ್ಳೆಯ ಮೂಗು ಕೊಟ್ಟು, ಕೆನ್ನೆಗೆ ನೆರಳು ಕೊಟ್ಟರೆ ಅವನು ಅಮೆರಿಕದ ಯಾವುದೋ ಒಬ್ಬ ಹುಡುಗ ಆಗಿಬಿಡುತ್ತಾನೆ.

ಮಗಳಿಗೆ 'ಡಾರ್ಕ್ ಡೈರೀಸ್' (Dork Diaries) ಕೊಟ್ಟು ನೋಡಿ. 2009ರಲ್ಲಿ ಶುರುವಾದದ್ದು, ರೇಚಲ್ ರೆನೆ ರಸೆಲ್ ಅವರದು. ಅದರಲ್ಲಿ ಡೈರಿ ಬರೆಯುವ ನಿಕ್ಕಿಗೆ 14 ವರ್ಷ, ಚಿತ್ರಕಲೆ ಅಂದರೆ ಪ್ರಾಣ. ಹಾಗಾಗಿ ಅಲ್ಲಿ ಚಿತ್ರಗಳೂ ಚೆಂದ. ಅವಳ ಅಪ್ಪನದು ಮನೆಮನೆಗೆ ಹೋಗಿ ಹುಳ ಕೊಲ್ಲುವ ಕೆಲಸ, ವ್ಯಾನಿನ ತಲೆ ಮೇಲೆ ಒಂದು ದೈತ್ಯ ಜಿರಳೆಯ ಬೊಂಬೆ. ಶ್ರೀಮಂತರ ಮಕ್ಕಳ ಶಾಲೆಗೆ ಆ ವ್ಯಾನಿನಲ್ಲಿ ಹೋಗಿ ಇಳಿಯೋದು ಅಂದರೆ ಹೇಗಿರುತ್ತೆ! ನಾಚಿಕೆ ಅನ್ನೋ ಪದವನ್ನೇ ಬರೆಯಬೇಕಾಗಿಲ್ಲ, ಜಿರಳೆ ಸಾಕು.

ಪ್ರಶ್ನೆ: ಒಂದು ಪುಟಕ್ಕೆ ಎಷ್ಟು ಚಿತ್ರ ಇರಬೇಕು?
(ಹೆಸರು ಬರೆದಿಲ್ಲ)

ವಾಕ್ಯ ಸೋತ ಕಡೆ ಒಂದು. ಗೆದ್ದ ಕಡೆ ಬೇಡ.

ಪ್ರಶ್ನೆ: ಗ್ರೆಗ್ ಸುಳ್ಳ, ಸ್ವಾರ್ಥಿ, ಗೆಳೆಯನಿಗೆ ಮೋಸ ಮಾಡುತ್ತಾನೆ. ನನ್ನ ಮಗ ಬಿದ್ದುಬಿದ್ದು ನಗುತ್ತಾನೆ. ಇಂಥವನನ್ನು ನೋಡಿ ಏನು ಕಲಿಯುತ್ತಾನೆ?
(ಒಬ್ಬ ತಾಯಿ)

ಇದಕ್ಕೇ ಹೊಂದುವ ಇನ್ನೊಂದು: ಬರಹವೂ ಗ್ರೆಗ್‌ನದು, ಚಿತ್ರವೂ ಗ್ರೆಗ್‌ನದು ಅಂತ ಪುಸ್ತಕ ಹೇಳುತ್ತೆ. ಹಾಗಿದ್ದರೆ ತನ್ನ ಮಾನ ತಾನೇ ಯಾಕೆ ಹರಾಜಿಗೆ ಇಡುತ್ತಾನೆ?
(ಕಾಲೇಜು ವಿದ್ಯಾರ್ಥಿ)

ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ.

ಒಂದು ಪ್ರಸಂಗ ಇದೆ. ಗ್ರೆಗ್ ಮತ್ತು ರೌಲಿ ಶಾಲೆಯ ಸೇಫ್ಟಿ ಪ್ಯಾಟ್ರೋಲ್‌ಗೆ ಸೇರಿರುತ್ತಾರೆ. ಪುಟ್ಟ ಮಕ್ಕಳನ್ನು ಹುಷಾರಾಗಿ ಮನೆ ಮುಟ್ಟಿಸುವ ಕೆಲಸ. ಒಂದು ದಿನ ಗ್ರೆಗ್ ರೌಲಿಯ ಕೋಟು ಹಾಕಿಕೊಂಡು, ಕಡ್ಡಿಗೆ ಎರೆಹುಳ ಸಿಕ್ಕಿಸಿ, ಅದೇ ಪುಟ್ಟ ಮಕ್ಕಳನ್ನು ಅಟ್ಟಾಡಿಸುತ್ತಾನೆ. ನೋಡಿದವರು ಕೋಟಿನ ಗುರುತು ಹಿಡಿದು ದೂರು ಕೊಡುತ್ತಾರೆ. ಶಿಕ್ಷೆ ರೌಲಿಗೆ. ಗ್ರೆಗ್ ಮನೆಗೆ ಬಂದು 'ಸರಿಯಾದ್ದು ಯಾವುದು' ಅಂತ ತುಂಬಾ ಯೋಚನೆ ಮಾಡುತ್ತಾನೆ. ಯೋಚಿಸಿ, ರೌಲಿಯೇ ಶಿಕ್ಷೆ ಅನುಭವಿಸಲಿ, ಅದೇ ಸರಿ ಅಂತ ತೀರ್ಮಾನಕ್ಕೆ ಬರುತ್ತಾನೆ. ಬಹಳ ಶಾಂತವಾಗಿ ಹೇಳುತ್ತಾನೆ, ದೊಡ್ಡ ಮನಸ್ಸು ಮಾಡಿದವನ ಹಾಗೆ.

ತಾಯಿಯವರೇ, ನಿಮ್ಮ ಮಗ ನಗುವುದು ಎಲ್ಲಿ ಅಂತ ಸ್ವಲ್ಪ ನೋಡಿ. ಮೋಸಕ್ಕೆ ನಗುತ್ತಿಲ್ಲ. ಮೋಸವನ್ನು ಪುಣ್ಯದ ಕೆಲಸ ಅಂತ ಮಾರುತ್ತಿದ್ದಾನಲ್ಲ, ಆ ಮಾತುಗಾರಿಕೆಗೆ ನಗುತ್ತಿದ್ದಾನೆ. ನಗು ಬಂತು ಅಂದರೆ ಸುಳ್ಳು ಗೊತ್ತಾಯಿತು ಅಂತಲೇ ಅರ್ಥ. ಮೋಸ ಗೊತ್ತಾಗದ ಮಗು ಗಂಭೀರವಾಗಿ ತಲೆಯಾಡಿಸುತ್ತೆ. ಆಗ ಬೇಕಾದರೆ ನೀವು ಚಿಂತೆ ಮಾಡಿ.

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಇದು ನನ್ನ ಕೆಲಸದ ಮೇಜಿನ ಪ್ರಶ್ನೆ. ಬರೆಯುವವರಿಗೆ ಜಾರಿಕೊಳ್ಳುವ ದಾರಿ ಎಷ್ಟೂ ಇದೆ. 'ಅಮ್ಮ ಒಪ್ಪಿಕೊಂಡಳು' ಅಂತ ಬರೆದು ಸುಮ್ಮನಾಗಬಹುದು. ಹೇಗೆ ಒಪ್ಪಿದಳು, ನಗುತ್ತಾ ಒಪ್ಪಿದಳಾ, ಸಾಕಾಗಿ ಒಪ್ಪಿದಳಾ, ಹೇಳಬೇಕಾಗಿಲ್ಲ. ಅದನ್ನೇ ಬಿಡಿಸಲು ಕೂತರೆ ಜಾರಲು ಆಗೋದಿಲ್ಲ. ಹುಬ್ಬು ಮೇಲಕ್ಕೋ ಕೆಳಕ್ಕೋ? ಕೈ ಸೊಂಟದ ಮೇಲೋ ಹಣೆಯ ಮೇಲೋ? ಅವಳು ಮಗನ ಕಡೆ ನೋಡುತ್ತಿದ್ದಾಳೋ ಗಡಿಯಾರದ ಕಡೆಯೋ? ಪೆನ್ಸಿಲ್ ಇಟ್ಟ ಕೂಡಲೇ ಇವಕ್ಕೆಲ್ಲ ಉತ್ತರ ಕೊಡಲೇಬೇಕು. ಹುಡುಗ ತಾನು ಹೀರೋ ಅಂತ ತೋರಿಸಲು ಚಿತ್ರ ಬಿಡಿಸುತ್ತಾನೆ. ಬಿಡಿಸುವಾಗ ಪಕ್ಕದಲ್ಲಿದ್ದವರ ಮುಖವನ್ನೂ ಬಿಡಿಸಬೇಕಾಗುತ್ತೆ. ಆ ಮುಖ ಚಾಡಿ ಹೇಳುತ್ತೆ. ಅವನಿಗೆ ಗೊತ್ತಾಗೋದಿಲ್ಲ, ನಮಗೆ ಗೊತ್ತಾಗುತ್ತೆ. ಈ ಪುಸ್ತಕಗಳ ನಗು ಬಹುಪಾಲು ಇಷ್ಟರಲ್ಲೇ ಇದೆ ಅಂತ ನನ್ನ ಲೆಕ್ಕ.

ಇದನ್ನೇ ಇನ್ನೊಂದು ರೀತಿ ಮಾಡಿದ್ದು ಜೇಮ್ಸ್ ಪ್ಯಾಟರ್ಸನ್ ಮತ್ತು ಕ್ರಿಸ್ ಟೆಬೆಟ್ಸ್ ಅವರ 2011ರ 'ಮಿಡಲ್ ಸ್ಕೂಲ್' ಕಾದಂಬರಿಯಲ್ಲಿ. ನಿಜವಾಗಿ ಬಿಡಿಸಿದವರು ಲಾರಾ ಪಾರ್ಕ್. ಕಥೆಯೊಳಗೆ ಹುಡುಗ ರೇಫ್ ಮಾತಾಡುತ್ತಾನೆ, ಚಿತ್ರದ ಕೆಲಸ ಮಾತೇ ಆಡದ ಅವನ ಗೆಳೆಯ ಲಿಯೊಗೆ ಸೇರಿದ್ದು. ಇಂಗ್ಲಿಷ್ ಟೀಚರ್ ಅವನ ಕಣ್ಣಿಗೆ 'ಡ್ರ್ಯಾಗನ್ ಲೇಡಿ'. ಅದೇ ಟೀಚರ್ ಕೊನೆಗೆ ಅವನೊಳಗಿನ ಚಿತ್ರಗಾರನನ್ನು ಗುರುತಿಸುತ್ತಾರೆ. ಲಿಯೊ ಯಾಕೆ ಮಾತಾಡೋದಿಲ್ಲ ಅನ್ನೋದನ್ನು ನಾನು ಹೇಳುವ ಹಾಗಿಲ್ಲ. ಅದು ಗೊತ್ತಾದ ಮೇಲೆ ಮೊದಲ ಪುಟದಿಂದ ಚಿತ್ರಗಳನ್ನು ಮತ್ತೆ ನೋಡಿ. ನಗುತ್ತಿದ್ದ ಪುಟಗಳೇ ಬೇರೆ ಥರ ಕಾಣುತ್ತವೆ.

ಪ್ರಶ್ನೆ: ಮೊಮ್ಮಗ ಚಿತ್ರ ಇಲ್ಲದ ಪುಸ್ತಕ ಮುಟ್ಟುವುದಿಲ್ಲ. ಇದೂ ಒಂದು ಓದೇ? ಈಗಿನ ಕಾಲದ ಚಾಳಿ ಅನಿಸುತ್ತೆ.
(ನಿವೃತ್ತ ಅಧ್ಯಾಪಕರು)

ಸರ್, ಈ ಚಾಳಿಗೆ ವಯಸ್ಸಾಗಿದೆ. ಶುರು ಮಾಡಿದವರಲ್ಲಿ ನಿಮ್ಮ ವೃತ್ತಿಯವರೇ ಒಬ್ಬರು. ಜಿನೀವಾದಲ್ಲಿ ರೊಡೋಲ್ಫ್ ಟೋಪ್ಫರ್ ಅಂತ ಒಬ್ಬ ಮೇಷ್ಟ್ರು ಇದ್ದರು, ವಸತಿ ಶಾಲೆ ನಡೆಸುತ್ತಿದ್ದರು. ಹುಡುಗರನ್ನು ನಗಿಸಲು ಚಿತ್ರಕಥೆಗಳನ್ನು ಗೀಚುತ್ತಿದ್ದರು. ಜರ್ಮನ್ ಕವಿ, ಮುದುಕ ಗಯಟೆ ಅವನ್ನು ನೋಡಿ ಮೆಚ್ಚಿಕೊಂಡ. 1830ರ ದಶಕದಲ್ಲಿ ಅವು ಪುಸ್ತಕವಾದವು. ಚಿತ್ರ ತೆಗೆದರೆ ಮಾತಿಗೆ ಅರ್ಥವಿಲ್ಲ, ಮಾತು ತೆಗೆದರೆ ಚಿತ್ರ ಮಸುಕು ಅಂತ ಟೋಪ್ಫರ್ ತಮ್ಮ ಪುಸ್ತಕದ ಬಗ್ಗೆ ತಾವೇ ಹೇಳಿದ್ದಾರೆ. ನಾನು ಇಷ್ಟು ಹೊತ್ತು ಕೊರೆದದ್ದನ್ನು ಅವರು ಒಂದೇ ಉಸಿರಿಗೆ ಮುಗಿಸಿದ್ದಾರೆ.

1865ರಲ್ಲಿ ಬಂದ ಆಲಿಸ್‌ಳ ಕಥೆಯೂ ಶುರುವಾಗೋದು ಇದೇ ದೂರಿನಿಂದ. ಅಕ್ಕ ಓದುತ್ತಿರುವ ಪುಸ್ತಕದಲ್ಲಿ ಚಿತ್ರವೂ ಇಲ್ಲ, ಮಾತುಕತೆಯೂ ಇಲ್ಲ, ಇಂಥ ಪುಸ್ತಕದಿಂದ ಏನು ಉಪಯೋಗ ಅಂತ ಆ ಹುಡುಗಿಗೆ ಬೇಜಾರು. ಅದೇ ಪುಸ್ತಕದಲ್ಲಿ ಇಲಿ ಹೇಳುವ ಪದ್ಯ ಇಲಿಯ ಬಾಲದ ಹಾಗೇ ಬಳುಕುತ್ತಾ, ಸಣ್ಣಗಾಗುತ್ತಾ ಪುಟದಲ್ಲಿ ಇಳಿಯುತ್ತೆ. ಓದೋದಾ ನೋಡೋದಾ, ಹೇಳಿ. 1953ರಲ್ಲಿ ಇಂಗ್ಲೆಂಡಿನಲ್ಲಿ ಜೆಫ್ರಿ ವಿಲನ್ಸ್ ಬರೆದು ರೊನಾಲ್ಡ್ ಸೆರ್ಲ್ ಬಿಡಿಸಿದ ಮೋಲ್ಸ್‌ವರ್ತ್ ಅನ್ನೋ ಹುಡುಗನ ಪುಸ್ತಕ ಬಂತು. ಅವನ ಕಾಗುಣಿತ ಪೂರ್ತಿ ತಪ್ಪು, ಮೇಷ್ಟ್ರುಗಳ ಬಗ್ಗೆ ಅವನ ತಿಳುವಳಿಕೆ ಪೂರ್ತಿ ಸರಿ. ನಿಮಗೆ ಇಷ್ಟವಾಗುತ್ತೆ. ಮೊಮ್ಮಗನಿಗಿಂತ ಮೊದಲು ನೀವು ಓದಿ.

ಚಿತ್ರ ಇಲ್ಲದ್ದನ್ನು ಅವನು ಮುಟ್ಟುತ್ತಿಲ್ಲ ಅಂದರೆ ಪಕ್ಕದಲ್ಲಿ ಕೂತು ನೀವೇ ಗಟ್ಟಿಯಾಗಿ ಓದಿ. ಇನ್ನೇನೂ ಮಾಡಬೇಡಿ. ಪರೀಕ್ಷೆಯಂತೂ ಬೇಡವೇ ಬೇಡ.

ಪ್ರಶ್ನೆ: ಇಂಥ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಾಕರ್, ಕೆಫೆಟೀರಿಯಾ, ಹಾಲ್ ಪಾಸ್ ಇವೆಲ್ಲ ಬರುತ್ತವೆ. ನಮ್ಮ ಮಕ್ಕಳಿಗೆ ಗೊತ್ತಾಗುವ ಹಾಗೆ ಬದಲಾಯಿಸಲೇ?
(ಅನುವಾದಕಿ)

ಬೇಡ. ಬದಲಾಯಿಸಿದರೆ ಚಿತ್ರದ ಕತ್ತು ಹಿಸುಕಿದ ಹಾಗೆ. ಚಿತ್ರದಲ್ಲಿ ಕಾಣುವ ತಗಡಿನ ಕಪಾಟಿನ ಸಾಲನ್ನು ಏನು ಮಾಡುತ್ತೀರಿ?

ಅದರ ಬದಲು ಅವು ಆ ಕಥೆಗಳಲ್ಲಿ ಯಾಕೆ ಅಷ್ಟು ಬರುತ್ತವೆ ಅಂತ ನೀವು ತಿಳಿದುಕೊಂಡಿರಿ. ಅಮೆರಿಕದಲ್ಲಿ ಮಿಡಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ ಆರರಿಂದ ಎಂಟನೇ ತರಗತಿ, ಹನ್ನೊಂದರಿಂದ ಹದಿನಾಲ್ಕರ ವಯಸ್ಸು. ಅಲ್ಲಿಯವರೆಗೆ ಒಂದೇ ಕೋಣೆ, ಹೆಚ್ಚುಕಡಿಮೆ ಒಬ್ಬರೇ ಟೀಚರ್. ಇಲ್ಲಿಗೆ ಬಂದ ಕೂಡಲೇ ಗಂಟೆ ಹೊಡೆದ ಹಾಗೆಲ್ಲ ಮಕ್ಕಳೇ ಕೋಣೆಯಿಂದ ಕೋಣೆಗೆ ಓಡಬೇಕು. ಪುಸ್ತಕಗಳು ಕಾರಿಡಾರಿನ ಲಾಕರಿನಲ್ಲಿ. ಆ ಲಾಕರಿಗೆ ಬಹಳ ಕಡೆ ಅಂಕಿ ತಿರುಗಿಸುವ ಬೀಗ. ಸಾಮಾನ್ಯವಾಗಿ ಬಿಲ್ಲೆಯ ಮೇಲೆ 0ಯಿಂದ 39ರವರೆಗೆ ಅಂಕಿಗಳು. ಮೊದಲು ಬಲಕ್ಕೆ ಎರಡು ಮೂರು ಸುತ್ತು ತಿರುಗಿಸಿ ಮೊದಲ ಅಂಕಿಗೆ ನಿಲ್ಲಿಸಬೇಕು. ಆಮೇಲೆ ಎಡಕ್ಕೆ, ಆ ಅಂಕಿಯನ್ನು ಒಮ್ಮೆ ದಾಟಿ ಎರಡನೆಯದಕ್ಕೆ. ಮತ್ತೆ ಬಲಕ್ಕೆ, ನೇರ ಮೂರನೆಯದಕ್ಕೆ. ಅಂಕಿ ತಪ್ಪಿದರೆ ಮೊದಲಿನಿಂದ ಶುರು. ಹಿಂದೆ ಗೊರಿಲ್ಲಾಗಳು ನೂಕುತ್ತಿರುವಾಗ, ಗಂಟೆ ಹೊಡೆದಿರುವಾಗ, ಇದನ್ನು ಮಾಡಬೇಕು! ಮೊದಲ ದಿನದ ಭಯಕ್ಕೆ ಇದಕ್ಕಿಂತ ಒಳ್ಳೆಯ ಇಮೇಜ್ ಇನ್ನೊಂದು ಸಿಗಲಾರದು. ಭಯ ಅಂತ ಬರೆಯಬೇಡಿ, ಬಿಲ್ಲೆ ತಿರುಗಲಿ.

ಕೆಫೆಟೀರಿಯಾದ್ದೂ ಹಾಗೇ. ತಟ್ಟೆ ಹಿಡಿದು ನಿಂತ ಹುಡುಗಿ, ಎದುರಿಗೆ ಉದ್ದುದ್ದ ಮೇಜುಗಳು, ಎಲ್ಲ ಬೆನ್ನುಗಳೂ ಅವಳ ಕಡೆ. ಚಿತ್ರ ಎಲ್ಲ ಹೇಳುತ್ತೆ, ನೀವು ಅಡಿಟಿಪ್ಪಣಿ ಹಾಕಿ ಕೆಡಿಸಬೇಡಿ. ಹಾಲ್ ಪಾಸ್ ಒಂದಕ್ಕೆ ಮಾತ್ರ ವಾಕ್ಯದೊಳಗೇ 'ಕ್ಲಾಸಿನಿಂದ ಹೊರಗೆ ಹೋಗಲು ಟೀಚರ್ ಕೊಡುವ ಚೀಟಿ' ಅಂತ ಆರು ಪದ ಸೇರಿಸಿ.

ಮಾತಿನ ಗುಳ್ಳೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಳ್ಳೆಯ ಅಂಚಿಗೆ ತಾಗುತ್ತೆ. ಎರಡು ಸಾಲಿದ್ದ ಕಡೆ ಒಂದೇ ಸಾಲಿಗೆ ಇಳಿಸಿ. ಇಲ್ಲವಾದರೆ ಅಕ್ಷರ ಇರುವೆಯಷ್ಟಾಗಿ, ಕಿರುಚುವ ಹುಡುಗ ಪಿಸುಗುಟ್ಟಿದ ಹಾಗೆ ಕಾಣುತ್ತಾನೆ.

ಪ್ರಶ್ನೆ: ನಾನೇ ಒಂದು ಶಾಲೆ ಡೈರಿ ಕಾದಂ‌ಬರಿ ಬರೆಯುತ್ತಿದ್ದೇನೆ, ಚಿತ್ರವೂ ನನ್ನದೇ. ಒಂದು ಪುಟ ಕಳಿಸಿದ್ದೇನೆ. ಓದಿದವರು ಯಾರೂ ನಗುತ್ತಿಲ್ಲ. ಎಲ್ಲಿ ತಪ್ಪಿದೆ?
(ಹೊಸ ಬರಹಗಾರ)

ನಿಮ್ಮ ಪುಟ ಮೇಜಿನ ಮೇಲೆ ಇದೆ. ನೀವು ಬರೆದಿರೋದು: 'ಪ್ರಿನ್ಸಿಪಾಲ್ ಕರೆದರು. ನನಗೆ ತುಂಬಾ ಹೆದರಿಕೆ ಆಯಿತು. ನಾನು ನಡುಗುತ್ತಾ ಮೇಜಿನ ಕೆಳಗೆ ಅಡಗಿದೆ.' ಕೆಳಗೆ ಚಿತ್ರ: ಹುಡುಗ ನಡುಗುತ್ತಾ ಮೇಜಿನ ಕೆಳಗೆ ಅಡಗಿದ್ದಾನೆ. ನಾಲ್ಕು ಬೆವರ ಹನಿ.

ಗೆರೆ ಚೆನ್ನಾಗಿದೆ. ಆದರೆ ಒಂದೇ ಸುದ್ದಿಯನ್ನು ಎರಡು ಸಲ ಕೊಟ್ಟಿದ್ದೀರಿ. ಇದು ನಿಮ್ಮೊಬ್ಬರ ತಪ್ಪಲ್ಲ. ನನಗೂ ಪತ್ರಿಕೆಗಳಿಂದ ಇಂಥ ಸೂಚನೆಗಳೇ ಬರುತ್ತವೆ: ಕಥೆಯಲ್ಲಿ 'ಹುಡುಗ ಓಡಿದ, ಹಿಂದೆ ನಾಯಿ' ಅಂತ ಇದ್ದರೆ 'ಓಡುವ ಹುಡುಗ ಮತ್ತು ನಾಯಿಯ ಚಿತ್ರ ಬೇಕು' ಅನ್ನುತ್ತಾರೆ. ನಾಯಿ ಯಾಕೆ ಅಟ್ಟಿಸಿಕೊಂಡು ಬಂತು ಅಂತ ಹುಡುಗನ ಕೈಯಲ್ಲಿ ಒಂದು ಮೂಳೆ ಇಟ್ಟು ಕಳಿಸಿದೆ ಒಂದು ಸಲ. 'ಕಥೆಯಲ್ಲಿ ಮೂಳೆ ಇಲ್ಲವಲ್ಲ' ಅಂತ ವಾಪಸ್ ಬಂತು.

ಈಗ ನಿಮ್ಮ ಪುಟ. ಹೆದರಿಕೆ, ನಡುಕ, ಮೇಜು, ಮೂರನ್ನೂ ಮಾತಿನಿಂದ ಕಿತ್ತುಹಾಕಿ. ಹುಡುಗನಿಗೆ ಜಂಬ ಕೊಡಿ. 'ಪ್ರಿನ್ಸಿಪಾಲ್ ಕರೆದರು. ನಾನು ಇಂಥದ್ದಕ್ಕೆಲ್ಲ ಹೆದರುವವನಲ್ಲ. ಎದ್ದು ನಿಂತು ಎಲ್ಲವನ್ನೂ ವಿವರವಾಗಿ ಹೇಳಿದೆ.' ಕೆಳಗೆ ಚಿತ್ರ: ದೊಡ್ಡ ಮೇಜು. ಆ ಕಡೆ ಪ್ರಿನ್ಸಿಪಾಲ್, ಕುರ್ಚಿಯಿಂದ ಬಗ್ಗಿ ಕೆಳಗೆ ನೋಡುತ್ತಿದ್ದಾರೆ. ಮೇಜಿನ ಕೆಳಗೆ ಎರಡು ಶೂ ಮಾತ್ರ ಕಾಣುತ್ತಿವೆ. ಒಂದರ ಲೇಸು ಬಿಚ್ಚಿದೆ. ಹುಡುಗನ ಮುಖ ಬೇಡ. ಮುಖ ತೋರಿಸಿದರೆ ಕರುಣೆ ಬರುತ್ತೆ, ಶೂ ತೋರಿಸಿದರೆ ನಗು ಬರುತ್ತೆ. ಬೆವರ ಹನಿ ನಾಲ್ಕರ ಬದಲು ಒಂದು ಇರಲಿ. ಅದನ್ನೂ ಹುಡುಗನಿಗೆ ಕೊಡಬೇಡಿ, ಪ್ರಿನ್ಸಿಪಾಲರಿಗೆ ಕೊಡಿ. ಈ ಹುಡುಗನ ಜೊತೆ ಅವರಿಗೆ ಇದು ಮೊದಲ ದಿನವಲ್ಲ ಅಂತ ಆ ಒಂದು ಹನಿಯಲ್ಲೇ ಗೊತ್ತಾಗಬೇಕು.

ಇನ್ನೊಂದು. ಮಾತು ಮುಗಿದ ಮೇಲೆ ಚಿತ್ರ ಬರಲಿ, ಪಕ್ಕದಲ್ಲಿ ಬೇಡ. ಪಕ್ಕದಲ್ಲಿದ್ದರೆ ಕಣ್ಣು ಮೊದಲು ಚಿತ್ರಕ್ಕೇ ಹಾರುತ್ತೆ, ನಗು ಸೋರಿಹೋಗುತ್ತೆ. 'ಹೇಳಿದೆ' ಅನ್ನೋದು ಬಲಪುಟದ ಕೊನೆಯ ಪದವಾಗಿ, ಶೂಗಳು ಪುಟ ತಿರುಗಿಸಿದ ಮೇಲೆ ಕಂಡರೆ ಇನ್ನೂ ಒಳ್ಳೆಯದು. ಅದಕ್ಕೆ ಹಿಂದಿನ ಪುಟದಿಂದ ಎರಡು ಸಾಲು ಕಡಿಮೆ ಮಾಡಬೇಕಾಗಬಹುದು. ಮಾಡಿ. ಬಸ್ಸಿನ ವರ್ಣನೆ ಹೇಗೂ ಉದ್ದವಾಗಿದೆ.

ತಿದ್ದಿ ಮತ್ತೆ ಕಳಿಸಿ. ಕೆಳಗಿನ ಪೆನ್ಸಿಲ್ ಗೆರೆಗಳನ್ನು ಅಳಿಸಬೇಡಿ, ನನಗೆ ಅವನ್ನೂ ನೋಡಬೇಕು.